ಕೊನೆ ಮುಟ್ಟದ ಓದುಗರು

ದಿಂಬು ಮಾಡಿ ಮಾರುವವಳಿಗೇ ನಿದ್ದೆಯಿಲ್ಲ ಅಂದರೆ ಯಾರಾದರೂ ನಗುತ್ತಾರೆ. ನಗಲಿ, ತಪ್ಪಿಲ್ಲ. ಆ ಅಂಗಡಿಯ ಅಕ್ಕನೇ ಎಷ್ಟೋ ಸಲ ಇದನ್ನು ಹೇಳಿಕೊಂಡು ನಕ್ಕಿದ್ದಾಳೆ. ನಗು ಬಾರದೆ ಇದ್ದದ್ದು ಅವಳ ತಂಗಿಗೆ ಮಾತ್ರ. ಭಾವ ಹೋದದ್ದು ನಿದ್ದೆಯಲ್ಲಿ. ಜ್ವರವಿಲ್ಲ, ನೋವಿಲ್ಲ, ದೀಪ ಆರಿಸಿ ಮಲಗಿದ ಮನುಷ್ಯ ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಪಕ್ಕದಲ್ಲೇ ಮಲಗಿದ್ದ ಅಕ್ಕನಿಗೆ ಆ ರಾತ್ರಿ ಹಿಂದೆಂದೂ ಬಾರದಂಥ ಸೊಗಸಾದ ನಿದ್ದೆ ಬಂದಿತ್ತಂತೆ. ಅಂದಿನಿಂದ ಅವಳು ಮಲಗುತ್ತಾಳೆ, ನಿದ್ದೆ ಮಾಡುವುದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಯಾರನ್ನು ಕಾಯುವುದು, ಕಾಯಬೇಕಾದವರು ಹೋಗಿಯೇಬಿಟ್ಟರಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಡಾಕ್ಟರ ಮಾತ್ರೆ, ಬಿಸಿ ಹಾಲು, ಸಂಜೆಯ ನಡಿಗೆ, ಎಲ್ಲವೂ ಆಯಿತು. ಗೋಡೆಯಾಚೆ ಅಕ್ಕ ಮಗ್ಗುಲು ಬದಲಿಸುವ ಸದ್ದು ಕೇಳುತ್ತಲೇ ತಂಗಿ ನಿದ್ದೆಹೋಗುತ್ತಿದ್ದಳು, ಮತ್ತೆ ಅದೇ ಸದ್ದಿಗೆ ಏಳುತ್ತಿದ್ದಳು. ಈ ಅಕ್ಕ ಒಂದು ದಿನ, ಒಂದೇ ಒಂದು ದಿನ, ಗೊರಕೆ ಹೊಡೆಯುವುದನ್ನು ಕೇಳಿಬಿಟ್ಟರೆ ಸಾಕಪ್ಪಾ ಅನ್ನುವುದು ಅವಳ ದೊಡ್ಡ ಆಸೆಯಾಗಿತ್ತು.

ಸಣ್ಣ ಆಸೆ ಇನ್ನೊಂದಿತ್ತು. ಬರೆಯಬೇಕು, ಬರೆದದ್ದನ್ನು ಜನ ಓದಬೇಕು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ. ಅದು ಓಡತೊಡಗಿದರೆ ಬಾಗಿಲ ಸಂದಿನಿಂದ ನವಿರು ಎಳೆಗಳು ತೇಲಿಬಂದು ಮುಂದಿನ ಕೋಣೆಯ ಬಿಸಿಲಿನಲ್ಲಿ ಇಳಿಯಲೂ ಮನಸ್ಸಿಲ್ಲದೆ ಏರಲೂ ಮನಸ್ಸಿಲ್ಲದೆ ನಿಂತುಬಿಡುತ್ತಿದ್ದವು. ಮುಂದಿನ ಕೋಣೆಯಲ್ಲಿ ಸಾಲಾಗಿ ಮಂಚಗಳು, ಮಂಚದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಬಗೆಬಗೆಯ ದಿಂಬು. ಮಲಗಿ ನೋಡದವರಿಗೆ ಅಕ್ಕ ದಿಂಬು ಕೊಡುತ್ತಿರಲಿಲ್ಲ. ಕೈಯಲ್ಲಿ ಒತ್ತಿ ನೋಡಿ ಕೊಳ್ಳುತ್ತೇನೆ ಅಂದವರನ್ನು, ನೀವು ಕೈಯಿಂದ ನಿದ್ದೆ ಮಾಡುತ್ತೀರಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ಹಾಗಾಗಿ ಮಧ್ಯಾಹ್ನದ ಹೊತ್ತು ಆ ಅಂಗಡಿಗೆ ಬಂದರೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನ ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ, ಅಕ್ಕಪಕ್ಕದಲ್ಲಿ ಮಲಗಿರುವುದು ಕಾಣುತ್ತಿತ್ತು. ಮಾತಿಲ್ಲ ಕತೆಯಿಲ್ಲ. ಅವರ ನಡುವೆ ಅಕ್ಕ ಮೆಲ್ಲಗೆ ಓಡಾಡುತ್ತ ಯಾರದೋ ಕತ್ತಿನ ಕೆಳಗೆ ಎತ್ತರದ ದಿಂಬು ತೆಗೆದು ತಗ್ಗಿನದು ಇಡುತ್ತಿದ್ದಳು. ಹೊಲಿಗೆಯ ಮೇಜಿನ ಮುಂದೆ ಕೂತ ತಂಗಿಗೆ ಇದೆಲ್ಲ ನೀರಿನೊಳಗೆ ನಡೆಯುತ್ತಿರುವ ಹಾಗೆ ಕಾಣುತ್ತಿತ್ತು.

ವೆಬ್‌ಸೈಟ್ ಆದದ್ದು ಪಕ್ಕದ ಮಳಿಗೆಯ ಅಚ್ಚಿನವನ ಒತ್ತಾಯಕ್ಕೆ. ಮದುವೆ ಕಾಗದ, ವಿಸಿಟಿಂಗ್ ಕಾರ್ಡು ಅಚ್ಚು ಹಾಕುತ್ತಿದ್ದವನು, ಕಾಗದದ ಕಾಲ ಮುಗಿಯಿತು ಎಂದು ಸುತ್ತಲಿನ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡತೊಡಗಿದ್ದ. ದಿಂಬಿನ ಚಿತ್ರ ಹಾಕಿದರೆ ಸಾಲದು, ಓದಲು ಏನಾದರೂ ಇರಬೇಕು, ಆಗಲೇ ಜನ ಹುಡುಕಿಕೊಂಡು ಬರುತ್ತಾರೆ ಎಂದು ಅವನು ಹೇಳಿದ್ದೇ ತಡ, ತಂಗಿ ಪೆನ್ನು ಹಿಡಿದು ಕೂತಳು. ಯಾವ ದಿಂಬು ಯಾರಿಗೆ ಹೊಂದುತ್ತದೆ ಎಂದು ಒಂದು ಬರೆದಳು. ಗವಸು ಒಗೆಯುವ ರೀತಿ ಎಂದು ಇನ್ನೊಂದು. ಇವೆರಡೂ ಕೆಲಸಕ್ಕಾಗಿ ಬರೆದವು. ಮೂರನೆಯದು ಅವಳ ಮನಸ್ಸಿನದು. ‘ಹತ್ತಿ ಹಿಂಜುವ ಮಧ್ಯಾಹ್ನ’ ಎಂದು ಅದಕ್ಕೆ ಹೆಸರು. ಒಂದು ಹಿಡಿ ಹತ್ತಿ ತೆಗೆದುಕೊಳ್ಳುವುದು, ಹಿಂಜುವುದು, ಅದು ಎರಡು ಹಿಡಿಯಾಗುವುದು, ಆ ಎರಡರಲ್ಲಿ ಒಂದನ್ನು ತೆಗೆದುಕೊಳ್ಳುವುದು, ಮತ್ತೆ ಹಿಂಜುವುದು, ಬಿಸಿಲು ಕಿಟಕಿಯಿಂದ ಮೊದಲ ಮಂಚಕ್ಕೆ ಬರುವುದು, ಅಲ್ಲಿಂದ ಎರಡನೆಯ ಮಂಚಕ್ಕೆ. ಹೀಗೆ ಸಾಗುತ್ತದೆ, ಸಾಗುತ್ತಲೇ ಇರುತ್ತದೆ, ಬಲು ಉದ್ದ. ಕೊನೆಯ ಪ್ಯಾರಾವನ್ನಂತೂ ಅವಳು ವಾರಗಟ್ಟಲೆ ತಿದ್ದಿದ್ದಳು. ಉಳಿದದ್ದೆಲ್ಲ ಆ ಪ್ಯಾರಾಕ್ಕೆ ಹೋಗಿ ಮುಟ್ಟುವ ದಾರಿ ಎಂದೇ ಅವಳ ನಂಬಿಕೆ. ಓದುವವರ ಫೋನಿನ ಬೆಳಕು ನಡುವೆ ಆರಿಹೋದರೆ ರಸಭಂಗವಾಗುತ್ತದೆ ಎಂದು ಅಚ್ಚಿನವನ ಬೆನ್ನುಬಿದ್ದು, ಆ ಪುಟ ತೆರೆದಿರುವವರೆಗೆ ಪರದೆ ಆರದ ಹಾಗೆ ಮಾಡಿಸಿದ್ದಳು.

ಅಕ್ಕ ವ್ಯಾಪಾರದವಳು. ಸುಮ್ಮನೆ ಕೂತು ತಿನ್ನುವ ಬರಹಕ್ಕೆ ತನ್ನ ಅಂಗಡಿಯಲ್ಲಿ ಜಾಗವಿಲ್ಲ, ಯಾವುದು ಗಿರಾಕಿ ತರುತ್ತದೋ ಅದು ಇರಲಿ, ಉಳಿದದ್ದು ತೆಗೆದುಹಾಕಿ ಎಂದಳು. ಅದನ್ನು ತಿಳಿಯುವುದು ಕಷ್ಟವಲ್ಲ ಎಂದ ಅಚ್ಚಿನವನು. ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು, ಎಷ್ಟು ಕೆಳಗಿನವರೆಗೆ ಹೋದರು, ಆರ್ಡರ್ ಬಟನ್ ಒತ್ತಿದರೋ ಇಲ್ಲವೋ. ಇಷ್ಟನ್ನು ಎಣಿಸುವ ಒಂದು ಲೆಕ್ಕವನ್ನು ಅವನು ಜೋಡಿಸಿದ್ದ. ತಿಂಗಳ ಕೊನೆಗೆ ಟ್ಯಾಬ್ ಹಿಡಿದುಕೊಂಡು ಬಂದು ಮಂಚದ ತುದಿಯಲ್ಲಿ ಕೂತ.

ಗವಸು ಒಗೆಯುವ ಪುಟಕ್ಕೆ ಬಂದವರು ಬಹಳ, ನಿಂತವರು ಕಡಿಮೆ. ಒಗೆಯುವುದು ತಿಳಿಯಿತು, ಹೊರಟರು. ಯಾವ ದಿಂಬು ಯಾರಿಗೆ ಎನ್ನುವ ಪುಟದಿಂದ ನಾಲ್ಕಾರು ಆರ್ಡರು ಬಂದಿದ್ದವು, ಅಕ್ಕ ತಲೆದೂಗಿದಳು. ಆಮೇಲೆ ‘ಹತ್ತಿ ಹಿಂಜುವ ಮಧ್ಯಾಹ್ನ’. ಅಚ್ಚಿನವನು ಕನ್ನಡಕ ಮೇಲಕ್ಕೆ ತಳ್ಳಿ ಇನ್ನೊಮ್ಮೆ ನೋಡಿದ. ಬಂದವರು ತೀರ ಹೆಚ್ಚಲ್ಲ. ಆದರೆ ಬಂದವರು ಹೋಗುತ್ತಲೇ ಇರಲಿಲ್ಲ. ಒಬ್ಬೊಬ್ಬರೂ ಗಂಟೆಗಟ್ಟಲೆ ಅದೇ ಪುಟದಲ್ಲಿ ಇದ್ದರು. ಅದೂ ಹೆಚ್ಚಿನವರು ತೆರೆಯುತ್ತಿದ್ದದ್ದು ಬೆಳಿಗ್ಗೆ ಬೆಳಿಗ್ಗೆಯೇ, ಯಾರೋ ಪರಿಚಯದವರು ಕಳಿಸಿದ ಲಿಂಕಿನಿಂದ. ನೆನ್ನೆ ಓದಿದವರೇ ಇವತ್ತೂ ಬಂದಿದ್ದರು.

ತಂಗಿಗೆ ಕೋಡು ಮೂಡಿತು. ಜನ ಬೆಳಗಿನ ಕಾಫಿ ಹಿಡಿದು ತನ್ನ ಬರಹದ ಮುಂದೆ ಕೂರುತ್ತಾರೆ, ಒಂದೊಂದು ವಾಕ್ಯವನ್ನೂ ಚಪ್ಪರಿಸುತ್ತಾರೆ, ಮುಗಿದುಹೋದೀತೆಂದು ಹೆದರಿ ಮತ್ತೆ ಮೇಲಿನಿಂದ ಓದುತ್ತಾರೆ, ಗೆಳೆಯರಿಗೆ ಕಳಿಸುತ್ತಾರೆ. ಇನ್ನೇನು ಬೇಕು? ಕೊನೆಯವರೆಗೆ ಯಾರೂ ಹೋಗಿಲ್ಲವಲ್ಲ, ಆರ್ಡರ್ ಬಟನ್ ಇರುವುದು ಅಲ್ಲೇ ಅಲ್ಲವೇ ಎಂದು ಅಚ್ಚಿನವನು ಗೊಣಗಿದ. ನಿಧಾನ ಓದುಗರು, ಹೋಗುತ್ತಾರೆ ಬಿಡು ಎಂದು ತಂಗಿ ಅವನ ಬಾಯಿ ಮುಚ್ಚಿಸಿದಳು. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, ಇಷ್ಟು ಹೊತ್ತು ಇರುತ್ತಾರೆಂದರೆ ಏನೋ ಇದೆ, ಇರಲಿ ಎಂದಳು. ಪಾಪ, ಅವಳು ಅದನ್ನು ಓದಿರಲಿಲ್ಲ. ಅಂಕಿ ನೋಡಿದಳು, ಅಷ್ಟೇ. ಆ ವಾರವೆಲ್ಲ ತಂಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತರಕಾರಿ ಕೊಳ್ಳುವಾಗಲೂ ಎದುರಿಗೆ ಬಂದವರ ಮುಖ ನೋಡಿ, ಇವರಿರಬಹುದೇ ಎಂದುಕೊಳ್ಳುತ್ತಿದ್ದಳು.

ಆ ಗಾಳಿಗೋಪುರವನ್ನು ಕೆಡವಿದವನು ಒಬ್ಬ ಬಸ್ ಡ್ರೈವರ್. ರಾತ್ರಿ ಪಾಳಿಯವನು. ಇನ್ನೊಂದು ದಿಂಬು ಬೇಕೆಂದು ಬಂದ. ಬಿಲ್ಲು ಬರೆಯುವಾಗ ಗೋಡೆಯ ಮೇಲಿನ ವೆಬ್‌ಸೈಟ್ ಹೆಸರು ನೋಡಿ ಅವನ ಮುಖ ಅರಳಿತು. ಆ ಹತ್ತಿಯ ಬರಹ ಬರೆದವರು ಯಾರು ಎಂದು ಕೇಳಿದ. ತಂಗಿ ಸೆರಗು ಸರಿಮಾಡಿಕೊಂಡು, ನಾನೇ ಎಂದಳು. ಅವನು ನಿಜವಾಗಿಯೂ ಎರಡೂ ಕೈ ಜೋಡಿಸಿದ.

“ನಿಮ್ಮಿಂದ ದೊಡ್ಡ ಉಪಕಾರ ಆಗಿದೆ ಮೇಡಂ. ನಾನಿನ್ನೂ ಮೂರನೇ ಹಿಡಿ ದಾಟಿಲ್ಲ. ಅಷ್ಟರೊಳಗೆ ಫೋನು ಎದೆ ಮೇಲೆ ಬಿದ್ದಿರುತ್ತೆ. ನಮ್ಮ ಡಿಪೋದಲ್ಲಿ ಎಲ್ಲರಿಗೂ ಕಳಿಸಿದೀನಿ.”

ಡಿಪೋದವರು ಆಸ್ಪತ್ರೆಯ ನರ್ಸುಗಳಿಗೆ ಕಳಿಸಿದ್ದರಂತೆ. ನರ್ಸುಗಳು ಕಾವಲುಗಾರರಿಗೆ. ರಾತ್ರಿಯಿಡೀ ದುಡಿದು ಬೆಳಿಗ್ಗೆ ಮನೆಗೆ ಬಂದು ಪರದೆ ಎಳೆದುಕೊಂಡು ಮಲಗುವವರೆಲ್ಲ ಅವಳ ಓದುಗರು. ಕೊನೆಯಲ್ಲಿ ಏನು ಬರುತ್ತದೆ ಎಂದು ಡ್ರೈವರ್ ಬಲು ಮರ್ಯಾದೆಯಿಂದ ಕೇಳಿದ. ಓದಿ ನೋಡಿ ಎಂದು ಹೇಳಿ ತಂಗಿ ಚಿಲ್ಲರೆ ಎಣಿಸಿ ಕೊಟ್ಟಳು. ಮುಖ ಸಣ್ಣಗಾಗಿತ್ತು.

ನೆಟ್ಟಗೆ ಅಚ್ಚಿನವನ ಹತ್ತಿರ ಹೋದಳು. ನಿನ್ನ ಲೆಕ್ಕಕ್ಕೆ ಬೆಂಕಿ ಹಾಕು, ಓದುವವರಾರು ಮಲಗುವವರಾರು ಎನ್ನುವುದೂ ತಿಳಿಯದ ಮೇಲೆ ಅದು ಎಣಿಸುವುದಾದರೂ ಏನು ಎಂದು ಜಾಡಿಸಿದಳು. ವಿಷಯ ಕೇಳಿ ಅವನಿಗೆ ನಗು ತಡೆಯಲಾಗದೆ ಕಾಗದದ ರಾಶಿಯ ಹಿಂದೆ ಬಗ್ಗಿ ಏನೋ ಹುಡುಕುವವನಂತೆ ನಟಿಸಿದ. ಎದ್ದ ಮೇಲೆ ಹೇಳಿದ, “ಪುಟ ತೆರೆದಿತ್ತು ಅಂತ ಇದು ಹೇಳುತ್ತೆ. ಕಣ್ಣು ತೆರೆದಿತ್ತಾ ಅಂತ ನಾವು ವಿಚಾರಿಸ್ಬೇಕಿತ್ತು.” ತಪ್ಪು ಇಬ್ಬರದೂ ಎಂದು ಒಪ್ಪಿಕೊಂಡ. ಬೆಳಗಿನ ಹೊತ್ತು, ಅದೇ ಜನ, ಕೊನೆ ಮುಟ್ಟದ ಓದು; ಮೂರನ್ನೂ ಸೇರಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತಂತೆ. ಕೂಡಲೇ ಆರ್ಡರ್ ಬಟನ್ನನ್ನು ಪುಟದ ತಲೆಗೆ ತಂದು ಕೂರಿಸಿದ. ನಿದ್ದೆ ಬಾರದವರಿಗೆ ಎಂದು ಪಕ್ಕದಲ್ಲಿ ಒಂದು ಸಾಲೂ ಸೇರಿಸಿದ.

ತಂಗಿ ಹೊರಗೆ ಬಂದಳು. ಅಂಗಡಿಗೆ ಮರಳಲು ಮನಸ್ಸಾಗದೆ ಬೀದಿಯ ಆ ತುದಿಯವರೆಗೆ ನಡೆದಳು. ಹಗಲಿನಲ್ಲೇ ಪರದೆ ಇಳಿಬಿಟ್ಟ ಕಿಟಕಿಗಳು ಆ ಬೀದಿಯಲ್ಲಿ ಇಷ್ಟೊಂದಿವೆ ಎಂದು ಅವಳು ಅಂದಿನವರೆಗೆ ಗಮನಿಸಿರಲಿಲ್ಲ. ಮೊದಲ ಮಹಡಿಯಲ್ಲಿ ಎರಡು, ಹಾಲಿನ ಅಂಗಡಿಯ ಮೇಲೆ ಒಂದು, ತಿರುವಿನಲ್ಲಿ ಇನ್ನೊಂದು. ಒಂದೊಂದು ಪರದೆಯ ಹಿಂದೆಯೂ ಒಬ್ಬರು ಅಂಗಾತ ಮಲಗಿದ್ದಾರೆ, ಎದೆಯ ಮೇಲೆ ಫೋನು ಬಿದ್ದಿದೆ, ಅದರ ಬೆಳಕು ಆರಿಲ್ಲ, ಅದು ಉಸಿರಿನ ಜೊತೆ ಮೇಲೇರಿ ಕೆಳಗಿಳಿಯುತ್ತಿದೆ. ತನ್ನ ವಾಕ್ಯಗಳು ಚಾವಣಿಯ ಕಡೆಗೆ ಮುಖಮಾಡಿ ಹೊಳೆಯುತ್ತಿವೆ. ಒಂದು ಹಿಡಿ, ಎರಡು ಹಿಡಿ, ಬಿಸಿಲು ಮೊದಲ ಮಂಚದಿಂದ ಎರಡನೆಯದಕ್ಕೆ. ಅವಳು ನಿಂತಲ್ಲೇ ನಿಂತು ಆ ಕಿಟಕಿಗಳನ್ನೇ ನೋಡಿದಳು. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇಡೀ ಬೀದಿ ತನ್ನ ಮಾತು ಕೇಳುತ್ತ ನಿದ್ದೆಹೋದ ಹಾಗೆ ಅನ್ನಿಸಿ ಕಣ್ಣು ತುಂಬಿಬಂತು. ಆಗಲೇ ಅಕ್ಕನ ನೆನಪಾದದ್ದು. ಅಯ್ಯೋ ನನ್ನ ಬುದ್ಧಿಯೇ ಎಂದು ಹಣೆ ಚಚ್ಚಿಕೊಂಡು, ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಗೆ ಓಡಿದಳು.

ಊಟದ ನಂತರ ಗಿರಾಕಿಗಳಿಲ್ಲದ ಹೊತ್ತು. ಬೇಡ ಬೇಡ ಅನ್ನುತ್ತಿದ್ದ ಅಕ್ಕನನ್ನು ಕೊನೆಯ ಮಂಚದ ಮೇಲೆ ಮಲಗಿಸಿ, ಅಂಗಡಿಯ ಟ್ಯಾಬ್ ಕೈಗೆ ಕೊಟ್ಟು, ನಾನು ಬರೆದದ್ದನ್ನು ನೀನೊಬ್ಬಳೇ ಓದಿಲ್ಲ, ಓದು ಎಂದಳು. ನಿಜವಾದ ಕಾರಣ ಹೇಳಲಿಲ್ಲ. ಹೇಳಿದ್ದರೆ ಅವಳು ಹಟಕ್ಕೆ ಎಚ್ಚರವಾಗಿರುತ್ತಿದ್ದಳು. ತಾನು ಹೊಲಿಗೆಯ ಮೇಜಿಗೆ ಹೋಗಿ ದಬ್ಬಣಕ್ಕೆ ದಾರ ಪೋಣಿಸುವವಳಂತೆ ಕೂತು, ಮೈಯೆಲ್ಲ ಕಣ್ಣಾಗಿ ಕಾದಳು.

ಅಕ್ಕ ಓದಿದಳು. ಬೆರಳು ಪರದೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೂ ಮೆಲ್ಲಗೆ. ಹುಬ್ಬಿನ ನಡುವಿನ ಗಂಟು, ಭಾವ ಹೋದಂದಿನಿಂದ ಬಿಚ್ಚದಿದ್ದದ್ದು, ಸಡಿಲವಾಯಿತು. ಕಾಲಿನ ಹೆಬ್ಬೆರಳು ಹೊರಕ್ಕೆ ವಾಲಿತು. ಬೆರಳು ನಿಂತಿತು. ಬಿಸಿಲಿನಲ್ಲಿ ಹತ್ತಿಯ ಎಳೆಗಳೂ ನಿಂತಿದ್ದವು. ತಂಗಿಗೆ ದಬ್ಬಣ ಕೈ ಚುಚ್ಚಿದ್ದೂ ತಿಳಿಯಲಿಲ್ಲ. ಬೆರಳು ಮತ್ತೆ ಅಲುಗಿತು, ಜಾರಿತು, ಇನ್ನಷ್ಟು ಜಾರಿತು. ಒಮ್ಮೆಲೇ ಅಕ್ಕ ನೆಟ್ಟಗೆ ಎದ್ದು ಕೂತಳು.

“ಮುಗೀತು ಕಣೇ,” ಅಂದಳು. “ಚೆನ್ನಾಗಿ ಬರ್ದಿದೀಯ. ಕೊನೆ ಪ್ಯಾರಾ ಎಲ್ಲದಕ್ಕಿಂತ ಚೆನ್ನಾಗಿದೆ.”

ಎಷ್ಟು ದಿನದಿಂದ ತಂಗಿ ಈ ಮಾತಿಗೆ ಹಾತೊರೆದಿದ್ದಳು! ಕೊನೆ ಮುಟ್ಟಿದ ಓದುಗರು ಒಬ್ಬರಾದರೂ ಸಿಗಲಿ ಎಂದು ಎಷ್ಟು ಬೇಡಿಕೊಂಡಿದ್ದಳು. ಸಿಕ್ಕಿದರು. ಊರಿನಲ್ಲಿ ಯಾರು ಕೊನೆ ಮುಟ್ಟಬಾರದು ಎಂದು ಅವಳು ಆ ಗಳಿಗೆಯಲ್ಲಿ ಹಂಬಲಿಸುತ್ತಿದ್ದಳೋ ಅವರೇ ಮುಟ್ಟಿದ್ದರು. ಅವಳು ಮಂಚದ ಹತ್ತಿರ ಬಂದು ಕೂತಳು. ನಿದ್ದೆ ಬರಲಿಲ್ಲವಾ ಎಂದು ಕೇಳಿಯೇಬಿಟ್ಟಳು.

ಬರುತ್ತಿತ್ತು ಎಂದಳು ಅಕ್ಕ. ಎಷ್ಟೋ ಕಾಲದ ನಂತರ ಕಣ್ಣು ಎಳೆಯುತ್ತಿತ್ತು. ಆಮೇಲೆ ಆ ಕೊನೆಯ ಪ್ಯಾರಾ ಬಂತು.

ಕೊನೆಯ ಪ್ಯಾರಾದಲ್ಲಿ ತಂಗಿ ಬರೆದದ್ದು ಇಷ್ಟು: ಎದ್ದು ಹೋದವರ ತಲೆಯ ಗುಳಿ ದಿಂಬಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ; ಒಳ್ಳೆಯ ಹತ್ತಿ ಮೆಲ್ಲಗೆ ಉಬ್ಬಿ ಅದನ್ನು ತುಂಬಿಕೊಳ್ಳುತ್ತದೆ; ಮತ್ತೆ ಸಂಜೆ ಅವರು ಬರುವ ಹೊತ್ತಿಗೆ ದಿಂಬು ಹೊಸದಾಗಿರುತ್ತದೆ. ಚೆಂದವಾಗಿದೆ ಎಂದು ಬರೆದದ್ದು. ವಾರಗಟ್ಟಲೆ ತಿದ್ದಿದ್ದಳು, ‘ಮೆಲ್ಲಗೆ’ ಇರಲೋ ಬೇಡವೋ ಎಂದು ಮೂರು ಸಲ ಯೋಚಿಸಿದ್ದಳು. ಯಾರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

“ಆ ಗುಳಿ ನಾನು ನೋಡಿದೀನಿ,” ಅಂದಳು ಅಕ್ಕ. “ಅವರನ್ನ ಎತ್ಕೊಂಡು ಹೋದ್ಮೇಲೆ ಕೂತ್ಕೊಂಡು ನೋಡ್ತಾನೇ ಇದ್ದೆ. ಅದು ತುಂಬ್ಕೊಳ್ಳೋದು ಬೇಡ ಅನ್ನಿಸ್ತಿತ್ತು.”

ಬೈದಿದ್ದರೆ ತಂಗಿ ಹಗುರಾಗುತ್ತಿದ್ದಳು. ಅಕ್ಕ ಬೈಯಲಿಲ್ಲ. ಟ್ಯಾಬನ್ನು ಪಕ್ಕಕ್ಕಿಟ್ಟು, ಅದರ ಪರದೆ ತಾನಾಗಿ ಆರುವುದೆಂದು ಕಾದು, ಆರದೆ ಇದ್ದದ್ದನ್ನು ಕಂಡು ಬೋರಲು ಹಾಕಿದಳು. ಆಮೇಲೆ, ಇಷ್ಟು ವರ್ಷ ಡಾಕ್ಟರಿಗೂ ಹೇಳದಿದ್ದದ್ದನ್ನು ಹೇಳಿದಳು.

“ಓದೋವಾಗ ನೀನು ಪಕ್ಕದಲ್ಲಿ ಕೂತು ಮಾತಾಡ್ತಾ ಇದೀಯ ಅನ್ನಿಸ್ತು. ಯಾರೋ ಎದ್ದಿದಾರೆ, ನಾನು ಮಲಗ್ಬಹುದು ಅನ್ನಿಸ್ತು. ಮುಗೀತು, ಮತ್ತೆ ನಾನೊಬ್ಬಳೇ ಎದ್ದಿರ್ಬೇಕು.”

ತಂಗಿಗೆ ಗೋಡೆಯಾಚೆ ಅಕ್ಕ ಮಗ್ಗುಲು ಬದಲಿಸುವುದನ್ನು ಕೇಳುತ್ತ ಕೇಳುತ್ತ ತಾನು ನಿದ್ದೆಹೋಗುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು. ಎದ್ದು ಅಚ್ಚಿನವನಲ್ಲಿಗೆ ಹೋದಳು. ಆ ಕೊನೆಯ ಪ್ಯಾರಾ ತೆಗೆದುಬಿಡು ಎಂದಳು. ಅವನು ಬೆಪ್ಪಾಗಿ ನೋಡಿದ. ಅದಕ್ಕಾಗಿ ತನ್ನನ್ನು ಹತ್ತು ಸಲ ಓಡಾಡಿಸಿದವಳು ಇವಳೇ ಅಲ್ಲವೇ? ಈಗಷ್ಟೇ ಒಬ್ಬರು ಕೊನೆ ಮುಟ್ಟಿದ್ದಾರೆ, ಇದೇ ಮೊದಲು ಎಂದು ಅವನು ಉತ್ಸಾಹದಿಂದ ತೋರಿಸಹೋದ. ಗೊತ್ತು, ತೆಗೆ ಎಂದಳು. ಅದು ಹೋದ ಮೇಲೆ ಬರಹ ಬಿಸಿಲು ಮೂರನೆಯ ಮಂಚಕ್ಕೆ ಬಂದಲ್ಲಿ, ಹಿಂಜಿದ ಹತ್ತಿ ಇನ್ನೂ ಕೈಯಲ್ಲಿರುವಾಗಲೇ ಸುಮ್ಮನಾಗುತ್ತಿತ್ತು. ಅರ್ಧಕ್ಕೇ ನಿಂತ ಹಾಗಿದೆ ಎಂದು ಅವನು ಬೇಸರಪಟ್ಟ. ಮುಂದಿನ ತಿಂಗಳು ಆ ಪುಟದಿಂದಲೇ ಎಲ್ಲಕ್ಕಿಂತ ಹೆಚ್ಚು ಆರ್ಡರು ಬಂದವು, ಅಕ್ಕ ಅದನ್ನು ತೆಗೆಯುವ ಮಾತು ಮತ್ತೆ ಎತ್ತಲಿಲ್ಲ ಎನ್ನುವುದು ಬೇರೆ ಸಂಗತಿ. ತಂಗಿಗೆ ಆಗ ಅದು ಬೇಕಿರಲಿಲ್ಲ.

ಮಾರನೆಯ ಮಧ್ಯಾಹ್ನ ಅವಳು ಯಂತ್ರ ನಿಲ್ಲಿಸಿ, ಅಕ್ಕನನ್ನು ಮತ್ತೆ ಅದೇ ಮಂಚದ ಮೇಲೆ ಮಲಗಿಸಿದಳು. ಟ್ಯಾಬನ್ನು ಈ ಸಲ ತಾನೇ ಹಿಡಿದು ಪಕ್ಕದ ಮುಕ್ಕಾಲಿಯ ಮೇಲೆ ಕೂತಳು. ಅಕ್ಕ ಚಾವಣಿ ನೋಡುತ್ತ ಕೇಳಿದಳು, “ಎದ್ದಿರ್ತೀಯ?”

“ಎದ್ದಿರ್ತೀನಿ,” ಅಂದಳು ತಂಗಿ.

ಓದತೊಡಗಿದಳು. ಮೊದಲ ಹಿಡಿ. ಎರಡನೆಯ ಹಿಡಿ. ಡ್ರೈವರ್ ದಾಟದ ಮೂರನೆಯದನ್ನು ದಾಟಿ, ಡಿಪೋ ಆಸ್ಪತ್ರೆಗಳವರು ಯಾರೂ ಓದಿರದ ಬಿಸಿಲಿನ ಮಾತು ದಾಟಿ, ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳುತ್ತ ಸಾಗಿದಳು. ಅಕ್ಕನ ಕಣ್ಣು ಮುಚ್ಚಿತ್ತು. ಬಿಸಿಲು ಮೂರನೆಯ ಮಂಚಕ್ಕೆ ಬಂತು. ಹಿಂಜಿದ ಹತ್ತಿ ಕೈಯಲ್ಲಿತ್ತು. ಪರದೆಯ ಮೇಲೆ ಇನ್ನೇನೂ ಇರಲಿಲ್ಲ.

“ಮುಗೀತಾ?” ಕಣ್ಣು ತೆರೆಯದೆಯೇ ಕೇಳಿದಳು ಅಕ್ಕ. ಹುಬ್ಬಿನ ನಡುವಿನ ಗಂಟು ಮತ್ತೆ ಬಿಗಿಯಲು ನೋಡುತ್ತಿತ್ತು.

“ಇಲ್ಲ, ಇನ್ನೂ ಇದೆ,” ಅಂದಳು ತಂಗಿ.

ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಹತ್ತಿ ಹಿಂಜುವ ಕೈ ಯಾರದು ಎಂದು ಹೇಳಿದಳು. ಆ ಕೈಗೆ ಚಿಕ್ಕಂದಿನಲ್ಲಿ ಹೊಲಿಗೆ ಕಲಿಸಿದ ಇನ್ನೊಂದು ಕೈಯ ವಿಷಯ ಹೇಳಿದಳು. ಕಲಿಸಿದ ಆ ಕೈಗೆ ಸೂಜಿ ಚುಚ್ಚಿದಾಗ ಅಕ್ಕ ಅಳುವ ಬದಲು ತಂಗಿಯ ಕಣ್ಣು ಒರೆಸಿದ್ದನ್ನು ಹೇಳಿದಳು. ಬಿಸಿಲು ಅಕ್ಕ ಮಲಗಿದ್ದ ನಾಲ್ಕನೆಯ ಮಂಚಕ್ಕೆ ಬಂದರೆ ಎಚ್ಚರಾದೀತೆಂದು ಅದನ್ನು ಮೂರನೆಯದರಲ್ಲೇ ತಡೆದಿಟ್ಟಳು. ವಾರಗಟ್ಟಲೆ ತಿದ್ದಿದರೂ ಸಿಗದಿದ್ದ ಮಾತುಗಳು ಒಂದರ ಹಿಂದೊಂದು ಬಂದವು. ಬರೆದುಕೊಳ್ಳಬೇಕು ಎಂದು ಒಮ್ಮೆ ಆಸೆ ಎದ್ದಿತು. ಪೆನ್ನು ಮೇಜಿನ ಮೇಲಿತ್ತು, ಏಳಬೇಕಾಗುತ್ತಿತ್ತು. ಏಳಲಿಲ್ಲ. ಇದಕ್ಕಿಂತ ಚೆನ್ನಾಗಿ ತಾನು ಮುಂದೆಂದೂ ಹೇಳಲಾರೆ ಎಂದು ತಿಳಿದೂ ಹೇಳಿ ಹೇಳಿ ಬಿಟ್ಟುಕೊಟ್ಟಳು.

ಯಾವ ಮಾತಿಗೆ ಅಕ್ಕ ನಿದ್ದೆಹೋದಳೋ ಗೊತ್ತಾಗಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಆಮೇಲೆ ಸಣ್ಣಗೆ, ನಂಬಲಾಗದಷ್ಟು ಸಣ್ಣಗೆ, ಗೊರಕೆ ಕೇಳಿಸಿತು. ತಂಗಿಯ ಕಣ್ಣಿಂದ ನೀರು ಇಳಿಯಿತು. ದನಿ ಮಾತ್ರ ನಡುಗದ ಹಾಗೆ ನೋಡಿಕೊಂಡಳು. ಬಾಗಿಲಲ್ಲಿ ಗಿರಾಕಿಗಳು ಬಂದು ನಿಂತರು, ಗಂಡ ಹೆಂಡತಿ, ದಿಂಬು ಬೇಕೆಂದು ಸನ್ನೆ ಮಾಡಿದರು. ಅವಳು ಮಾತು ನಿಲ್ಲಿಸದೆ ಖಾಲಿ ಮಂಚಗಳ ಕಡೆಗೆ ಕೈ ತೋರಿಸಿದಳು. ಅವರು ಚಪ್ಪಲಿ ಕಳಚಿ, ತುಟಿ ಪಿಟಕ್ಕೆನ್ನದೆ ಹೋಗಿ ಮಲಗಿದರು. ಗಂಟಲು ಒಣಗಿತ್ತು, ನೀರಿನ ಲೋಟ ದೂರದಲ್ಲಿತ್ತು. ತಂಗಿ ಇನ್ನೊಂದು ಹಿಡಿ ಹತ್ತಿ ತೆಗೆದುಕೊಂಡು ಹಿಂಜುವ ವಿಷಯ ಹೇಳತೊಡಗಿದಳು.